ಸೀಸೆ ಒಳಗೆ, ರೋಗಿ ಹೊರಗೆ

ಉರಿಮೂತ್ರ ಬಂದರೆ ನಮ್ಮಲ್ಲಿ ಚಿಕಿತ್ಸೆಗೊಂದು ಸಂಪ್ರದಾಯವಿದೆ. ಮೊದಲ ದಿನ 'ಉಷ್ಣ ಆಗಿದೆ' ಎಂದು ಎಳನೀರು, ಬಾರ್ಲಿ ನೀರು, ಜೀರಿಗೆ ಕಷಾಯ. ಎರಡನೇ ದಿನ ಮೆಡಿಕಲ್ ಶಾಪಿನ ಹುಡುಗ ಕೊಟ್ಟ ಎರಡು ಮಾತ್ರೆ. ಮೂರನೇ ದಿನ ಅದೇ ಮಾತ್ರೆ ಇನ್ನೆರಡು, ಯಾಕೆಂದರೆ ಸ್ವಲ್ಪ ಕಡಿಮೆಯಾದ ಹಾಗಿದೆ. ನಾಲ್ಕನೇ ದಿನ ಮಾತ್ರೆ ಬಂದ್, ಯಾಕೆಂದರೆ ಪೂರ್ತಿ ಕಡಿಮೆಯಾಗಿದೆ. ಆರನೇ ದಿನ ಡಾಕ್ಟರು, ಯಾಕೆಂದರೆ ಕಡಿಮೆಯೇ ಆಗಿಲ್ಲ. ಡಾಕ್ಟರು ಇನ್ನೊಂದು ಮಾತ್ರೆ ಬರೆದು, 'ಇದನ್ನ ಶುರು ಮಾಡಿ, ನಾಳೆ ಯೂರಿನ್ ಕಲ್ಚರ್ ಮಾಡಿಸಿ' ಎನ್ನುತ್ತಾರೆ. ಒಂಬತ್ತನೇ ದಿನ ರಿಪೋರ್ಟು ಬರುತ್ತದೆ: 'ನೋ ಗ್ರೋತ್'.

ಮನೆಯಲ್ಲಿ ಸಂಭ್ರಮ. ಏನೂ ಬೆಳೆದಿಲ್ಲ ಎಂದಮೇಲೆ ಏನೂ ಇಲ್ಲ ತಾನೇ?

'ರೀ, ಉರಿ ಇನ್ನೂ ಹಾಗೇ ಇದೆ.'

'ರಿಪೋರ್ಟು ಕ್ಲಿಯರ್ ಅಂತ ಬಂದಿದೆಯಲ್ಲೇ. ಎಲ್ಲಾ ನಿನ್ನ ಮನಸ್ಸಿಂದು.'

ಎರಡು ಬಗೆಯ ಆ್ಯಂಟಿಬಯೋಟಿಕ್ ಬೆರೆತ ಮೂತ್ರವನ್ನು ತಟ್ಟೆಯ ಮೇಲೆ ಸವರಿದರೆ ಅಲ್ಲಿ ಏನು ತಾನೇ ಬೆಳೆದೀತು? ಮೂತ್ರದ ಜೊತೆ ಬಂದ ಔಷಧಿಯೇ ಬ್ಯಾಕ್ಟೀರಿಯಾವನ್ನು ಬೆಳೆಯಗೊಡುವುದಿಲ್ಲ. ಒಳಗೆ ಅರೆಜೀವವಾಗಿ ಉಳಿದವು ಮಾತ್ರ ಹೊಸ ಸಂಸಾರ ಹೂಡಲು ಕೋರ್ಸು ಮುಗಿಯುವುದನ್ನೇ ಕಾಯುತ್ತಿರುತ್ತವೆ. ಮೊದಲ ಮಾತ್ರೆ ನುಂಗುವ ಮೊದಲು ಸ್ಯಾಂಪಲ್ ಕೊಡಬೇಕು ಎಂಬ ಒಂದೇ ಸಾಲಿನ ನಿಯಮವನ್ನು ತಲೆಕೆಳಗು ಮಾಡಿ, ಅದಕ್ಕೆ ನಾನ್ನೂರೋ ಎಂಟುನೂರೋ ಬಿಲ್ಲು ಕಟ್ಟಿ ಬರುವುದನ್ನು ನಾವು ತಪಾಸಣೆ ಎಂದು ಕರೆಯುತ್ತೇವೆ.

ಮೂತ್ರ ಪರೀಕ್ಷೆ ಒಂದು ಪ್ರಶ್ನೆಗೆ ಸಿಗುವ ಉತ್ತರ. ಪ್ರಶ್ನೆ ಕೇಳಬೇಕಾದವರು ಡಾಕ್ಟರು, ವಿಷಯ ಹೇಳಬೇಕಾದವಳು ರೋಗಿ. ಉರಿ ಇದೆಯೇ, ಗಳಿಗೆಗೊಮ್ಮೆ ಹೋಗಬೇಕು ಎನ್ನಿಸುತ್ತದೆಯೇ, ಜ್ವರ ಇದೆಯೇ, ಬಿಳಿಸೆರಗು ಹೋಗುತ್ತಿದೆಯೇ, ಬಸುರಿಯೇ, ಇದು ಎಷ್ಟನೇ ಸಲ? ಇಷ್ಟು ಕೇಳಲು ಎರಡು ನಿಮಿಷ ಬೇಕು. ಹೊರಗೆ ನಲವತ್ತು ಟೋಕನ್ ಕಾಯುತ್ತಿರುವಾಗ ಎರಡು ನಿಮಿಷ ಎಲ್ಲಿಂದ ತರುವುದು? ಹಾಗಾಗಿ ಈಗ ಎಲ್ಲರ ಪರವಾಗಿ ಸೀಸೆಯೇ ಮಾತಾಡುತ್ತದೆ. ಸೀಸೆ ಒಳಗೆ ಹೋಗುತ್ತದೆ. ರೋಗಿ ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿರುತ್ತಾಳೆ.

ಆ ಸೀಸೆಯ ವೈಭವವನ್ನು ಲ್ಯಾಬಿನ ಕೌಂಟರಿನಲ್ಲೇ ನಿಂತು ನೋಡಬೇಕು. ಕಲ್ಚರಿಗೆ ಬೇಕಾದ ಶುದ್ಧ ಡಬ್ಬಿ ಲ್ಯಾಬಿನಲ್ಲೇ ಸಿಗುತ್ತದೆ. ಆದರೂ ಕೆಮ್ಮಿನ ಸಿರಪ್ಪಿನ ಬಾಟಲಿಯಲ್ಲಿ, ಗುಲಾಬಿ ನೀರಿನ ಬಾಟಲಿಯಲ್ಲಿ, ಮಕ್ಕಳ ಜಾಮ್ ಬಾಟಲಿಯಲ್ಲಿ ತುಂಬಿಸಿ, ಅದನ್ನು ಮದುವೆ ಮನೆಯ ತಾಂಬೂಲದ ಚೀಲದಲ್ಲಿಟ್ಟು ತರುವವರಿಗೇನೂ ಬರವಿಲ್ಲ. ಸರಿಯಾಗಿ ತೊಳೆಯದ ಜಾಮ್ ಬಾಟಲಿ ತಂದವರಿಗೆ ಅದೇ ದಿನ ಸಕ್ಕರೆ ಕಾಯಿಲೆಯೂ ಪತ್ತೆಯಾದರೆ ಲ್ಯಾಬಿನವರನ್ನು ಬೈಯುವಂತಿಲ್ಲ. (ಸಕ್ಕರೆಯ ಮಾತು ಬಂತೆಂದು ಹೇಳುತ್ತೇನೆ: ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ನುಂಗುವವರ ಮೂತ್ರದಲ್ಲಿ ಸಕ್ಕರೆ ಧಾರಾಳವಾಗಿ ಇದ್ದೇ ಇರುತ್ತದೆ, ಸಕ್ಕರೆಯನ್ನು ಮೂತ್ರದ ದಾರಿಯಲ್ಲಿ ಹೊರಗಟ್ಟುವುದೇ ಆ ಮಾತ್ರೆಯ ಕೆಲಸ. ಅದಕ್ಕೆ ಮನೆಯಲ್ಲಿ ಅಳುವ ಅಗತ್ಯವಿಲ್ಲ.)

ಇನ್ನು ತುಂಬಿಸುವ ವಿಧಾನ. ಪುಸ್ತಕದ ಪ್ರಕಾರ ಹೆಂಗಸರು ಆ ಭಾಗವನ್ನು ನೀರಿನಿಂದ ತೊಳೆದುಕೊಂಡು, ಮಡಿಕೆಗಳನ್ನು ಬೇರೆ ಮಾಡಿ ಹಿಡಿದು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಡಬ್ಬಿಗೆ ಹಿಡಿದು, ಕೊನೆಯದನ್ನು ಮತ್ತೆ ಬಿಡಬೇಕು. ಇದನ್ನು ಹೇಳಬೇಕಾದವನು ಕೌಂಟರಿನಲ್ಲಿ ಕೂತ ಇಪ್ಪತ್ತೆರಡರ ಹುಡುಗ. ಕೇಳಿಸಿಕೊಳ್ಳಬೇಕಾದವರು ಅವನ ತಾಯಿಯ ವಯಸ್ಸಿನವರು. ಇಬ್ಬರಿಗೂ ನಾಚಿಕೆ. ಆದ್ದರಿಂದ ಇಡೀ ಅಧ್ಯಾಯ ಎರಡು ಮಾತಿಗೆ ಇಳಿದಿದೆ: 'ಆ ಕಡೆ ಹೋಗಿ. ತುಂಬಿಸ್ಕೊಂಡು ಬನ್ನಿ.'

ಆ ಕಡೆ ಇರುವ ಶೌಚಾಲಯದಲ್ಲಿ ಚಿಲಕವಿಲ್ಲ, ಚೀಲ ನೇತುಹಾಕಲು ಮೊಳೆಯಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಮುಚ್ಚಳ, ಹೆಗಲಿಗೆ ವ್ಯಾನಿಟಿ ಬ್ಯಾಗು, ಹಲ್ಲಿನಲ್ಲಿ ಸೆರಗು, ಬಾಗಿಲಿಗೆ ಒತ್ತಿ ಹಿಡಿದ ಒಂದು ಕಾಲು. ಈ ಭಂಗಿಯಲ್ಲಿ ಮೊದಲ ಧಾರೆ ಯಾವುದು, ನಡುವಿನದು ಯಾವುದು ಎಂದು ಲೆಕ್ಕ ಇಡುವವರಿಗೆ ಯೋಗಾಸನದ ಪದಕ ಕೊಡಬೇಕು. ಹೊರಗೆ ಬಂದ ಸ್ಯಾಂಪಲ್ಲಿನಲ್ಲಿ ಮೂತ್ರಕೋಶದ ಸುದ್ದಿಗಿಂತ ಚರ್ಮದ ಸುದ್ದಿಯೇ ಹೆಚ್ಚು. ರಿಪೋರ್ಟಿನಲ್ಲಿ 'ಎಪಿಥೀಲಿಯಲ್ ಸೆಲ್ಸ್: ಪ್ಲೆಂಟಿ' ಎಂದು ಬಂದಿದ್ದರೆ ಬಹುತೇಕ ಇದೇ ಅದರ ಅರ್ಥ. ಕಲ್ಚರಿನಲ್ಲಿ ಮೂರ್ನಾಲ್ಕು ಬಗೆಯವು ಒಟ್ಟಿಗೆ ಬೆಳೆದಿದ್ದರೆ, 'ಸ್ಯಾಂಪಲ್ ಕಲುಷಿತವಾಗಿರಬಹುದು, ಮತ್ತೊಮ್ಮೆ ಕಳಿಸಿ' ಎಂದು ಪ್ರಾಮಾಣಿಕ ಲ್ಯಾಬಿನವರು ತಳದಲ್ಲಿ ಇರುವೆ ಅಕ್ಷರದಲ್ಲಿ ಬರೆಯುತ್ತಾರೆ. ಅಷ್ಟು ಕೆಳಗಿನವರೆಗೆ ಓದುವವರಾರು? ಮೂರಕ್ಕೂ ಸೇರಿಸಿ ಒಂದು ದೊಡ್ಡ ಮಾತ್ರೆ ಬರೆದರೆ ಕೆಲಸ ಮುಗಿಯಿತು.

ಹಸುಗೂಸುಗಳಿಗೆ ಅಂಟಿಸುವ ಪ್ಲಾಸ್ಟಿಕ್ ಚೀಲದ್ದು ಇನ್ನೊಂದು ಕತೆ. ಅದರಲ್ಲಿ ಹಿಡಿದ ಮೂತ್ರ ಚರ್ಮಕ್ಕೆಲ್ಲ ತಾಗಿ ಬಂದಿರುವುದರಿಂದ, ಅದರ ಕಲ್ಚರ್ ಪಾಸಿಟಿವ್ ಬಂದರೆ ಸೋಂಕು ಖಚಿತ ಎನ್ನುವಂತಿಲ್ಲ. ಪುಟ್ಟ ನಳಿಕೆ ಹಾಕಿ ತೆಗೆದ ಸ್ಯಾಂಪಲ್ಲಿಗೆ ಬೆಲೆ ಹೆಚ್ಚು. ಆದರೆ ಕೂಸು ಅಳುತ್ತದೆ, ಅಜ್ಜಿ ಬೈಯುತ್ತಾರೆ, ಚೀಲವೇ ಗೆಲ್ಲುತ್ತದೆ.

ಸೀಸೆಗೆ ಪ್ರಯಾಣಯೋಗವೂ ಉಂಟು. ಹಿಡಿದ ಮೂತ್ರ ಎರಡು ಗಂಟೆಯೊಳಗೆ ಲ್ಯಾಬ್ ಮೇಜಿನ ಮೇಲಿರಬೇಕು, ಇಲ್ಲದಿದ್ದರೆ ಫ್ರಿಜ್ಜಿನ ತಂಪಿನಲ್ಲಿರಬೇಕು. ನಮ್ಮ ಸೀಸೆ ಬೆಳಿಗ್ಗೆ ಆರಕ್ಕೆ ಮನೆಯಲ್ಲಿ ಹುಟ್ಟಿ, ಏಳಕ್ಕೆ ಬೈಕಿನ ಪೆಟ್ಟಿಗೆ ಹತ್ತಿ, ಹದಿನೈದು ಮನೆ ಸುತ್ತಿ, ಏಪ್ರಿಲ್ ಬಿಸಿಲಿನಲ್ಲಿ ಸಿಗ್ನಲ್ಲುಗಳನ್ನೆಲ್ಲ ದಾಟಿ ಹನ್ನೊಂದಕ್ಕೆ ಲ್ಯಾಬು ತಲುಪುತ್ತದೆ. ಈ ಸೋಂಕುಗಳಲ್ಲಿ ಬಹುಪಾಲಿಗೆ ಕಾರಣವಾದ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಅನುಕೂಲವಿದ್ದರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಆ ಲೆಕ್ಕದಲ್ಲಿ ಒಂದೇ ಇದ್ದದ್ದು ಮೂರು ಗಂಟೆಗೆ 512 ಆಗಬೇಕು. ಸೀಸೆಯಲ್ಲಿ ಅಷ್ಟು ಅನುಕೂಲ ಇರಲಿಕ್ಕಿಲ್ಲ. ಅರ್ಧದಷ್ಟು ವೇಗವಾದರೂ ಹೊರಟಾಗ ಬೆರಳೆಣಿಕೆಯಷ್ಟಿದ್ದದ್ದು ತಲುಪುವಾಗ ಜಾತ್ರೆಯಾಗಿರುತ್ತದೆ. ಸೋಂಕು ಆಗಿದ್ದು ಬೈಕಿನ ಪೆಟ್ಟಿಗೆಗೆ, ಮಾತ್ರೆ ನುಂಗಿದ್ದು ಮನೆಯಾಕೆ.

ರಿಪೋರ್ಟು ಕೈಗೆ ಬಂದ ಮೇಲೆ ಅದನ್ನು ನೋಡುವ ಕ್ರಮ ಥೇಟ್ ಜಾತಕ ನೋಡುವ ಕ್ರಮ. ಕನ್ನಡಕ ಏರಿಸಿಕೊಂಡ ಸೋದರಮಾವ ಮೊದಲು ದಪ್ಪ ಅಕ್ಷರದಲ್ಲಿ ಏನೇನು ಬಂದಿದೆ ಎಂದು ಹುಡುಕುತ್ತಾನೆ. 'ಪಸ್ ಸೆಲ್ಸ್ 0ರಿಂದ 5 ಇರಬೇಕಂತೆ. ಇವಳದು 6-8 ಇದೆ.' ಶನಿ ವಕ್ರಿಸಿದ ಹಾಗೆ ಎಲ್ಲರೂ ಉಸಿರು ಹಿಡಿಯುತ್ತಾರೆ. ಪಸ್ ಎಂದರೆ ಕೀವು, ಕೀವು ಎಂದರೆ ಹುಣ್ಣು, ಹುಣ್ಣು ಎಂದರೆ ದೊಡ್ಡ ಆಸ್ಪತ್ರೆ. ಅಸಲಿಗೆ ಅವು ರಕ್ತದ ಬಿಳಿಯ ಕಣಗಳು. ಎಲ್ಲೋ ಕೆರಳಿದೆ ಎಂಬುದಕ್ಕೆ ಅವು ಸಾಕ್ಷಿ ಹೇಳುತ್ತವೆಯೇ ಹೊರತು ಕೆರಳಿಸಿದ್ದು ಯಾರು ಎಂದು ಹೇಳುವುದಿಲ್ಲ. ಮೂತ್ರಕೋಶದಲ್ಲಿ ಕಲ್ಲಿದ್ದರೂ ಬರುತ್ತವೆ, ಬಿಳಿಸೆರಗು ಬೆರೆತರೂ ಬರುತ್ತವೆ.

ನೈಟ್ರೈಟ್ ಎಂಬ ಗ್ರಹದ ನಡೆ ಇನ್ನೂ ಸೊಗಸು. ಇ. ಕೋಲೈಯಂಥವು ಮೂತ್ರದಲ್ಲಿರುವ ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ. ಮೂತ್ರದಲ್ಲಿ ಅದ್ದಿದ ಪರೀಕ್ಷಾ ಪಟ್ಟಿ ಗುಲಾಬಿಯಾದರೆ ಸೋಂಕಿನ ಸಂಶಯ ಗಟ್ಟಿ. ಆದರೆ ಈ ಅಡುಗೆಗೆ ಮೂತ್ರ ಕೋಶದೊಳಗೆ ಸುಮಾರು ನಾಲ್ಕು ಗಂಟೆ ನಿಲ್ಲಬೇಕು. ಹತ್ತು ನಿಮಿಷಕ್ಕೊಮ್ಮೆ ಓಡಿಸುವುದೇ ಈ ಕಾಯಿಲೆಯ ಮುಖ್ಯ ಲಕ್ಷಣ! ಜೊತೆಗೆ ಎಂಟರೋಕಾಕಸ್‌ನಂಥ ಕೆಲವು ಈ ಅಡುಗೆಗೇ ಕೈ ಹಾಕುವುದಿಲ್ಲ. ಹಾಗಾಗಿ ನೈಟ್ರೈಟ್ 'ಹೌದು' ಎಂದರೆ ನಂಬಬಹುದು, 'ಇಲ್ಲ' ಎಂದರೆ ನಂಬಿ ಮಲಗುವಂತಿಲ್ಲ. ಈ ಭೇದ ತಿಳಿದ ಡಾಕ್ಟರು ಪಟ್ಟಿಯನ್ನೂ ನೋಡಿ ರೋಗಿಯ ಮುಖವನ್ನೂ ನೋಡುತ್ತಾರೆ. ಸೋದರಮಾವ ಪಟ್ಟಿಯನ್ನಷ್ಟೇ ನೋಡುತ್ತಾನೆ.

ಈಗ ಅಪಾರ್ಟ್‌ಮೆಂಟಿನ ಒಬ್ಬ ಅಜ್ಜಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಎಂಬತ್ತು ದಾಟಿದೆ. ಬೆಳಿಗ್ಗೆ ದೇವರಿಗೆ ಹೂ ಬಿಡಿಸಿ, ಸಂಜೆ ಧಾರಾವಾಹಿಯ ಸೊಸೆಯನ್ನು ಬೈದು, ರಾತ್ರಿ ಚೆನ್ನಾಗಿ ನಿದ್ದೆ ಮಾಡುವ ಜೀವ. ಮಗ ಅಮ್ಮಂದಿರ ದಿನಕ್ಕೆಂದು ಫುಲ್ ಬಾಡಿ ಚೆಕಪ್ ಪ್ಯಾಕೇಜು ಕೊಡಿಸುತ್ತಾನೆ. ಸೀರೆ ಕೊಡಿಸಿದ್ದರೆ ಕಡಿಮೆ ಖರ್ಚಿನಲ್ಲಿ ಮುಗಿಯುತ್ತಿತ್ತು. ಪ್ಯಾಕೇಜಿನ ಬಾಲದಲ್ಲಿ ಯೂರಿನ್ ಟೆಸ್ಟು. ಅದರಲ್ಲಿ ಬ್ಯಾಕ್ಟೀರಿಯಾ.

'ಅತ್ತೆ, ನಿಮಗೆ ಯೂರಿನ್ ಇನ್‌ಫೆಕ್ಷನ್ ಅಂತೆ. ಉರಿ ಇದೆಯಾ?'

'ಇಲ್ವಲ್ಲಮ್ಮ.'

'ಪದೇ ಪದೇ ಹೋಗಬೇಕು ಅನ್ಸುತ್ತಾ?'

'ಮೊದಲು ಎಷ್ಟು ಹೋಗ್ತಿದ್ನೋ ಅಷ್ಟೇ.'

'ಚಳಿ, ಜ್ವರ?'

'ನಂಗೇನೂ ಆಗಿಲ್ಲ ಕಣಮ್ಮ.'

'ರಿಪೋರ್ಟಲ್ಲಿ ಆಗಿದೆ ಅತ್ತೆ.'

ಐದು ದಿನದ ಕೋರ್ಸು. ಮೂರನೇ ದಿನಕ್ಕೆ ಭೇದಿ. ಭೇದಿಗೆ ಇನ್ನೊಂದು ಮಾತ್ರೆ. ವಾರ ಬಿಟ್ಟು 'ಕ್ಲಿಯರ್ ಆಯ್ತಾ' ಎಂದು ಇನ್ನೊಂದು ಕಲ್ಚರ್. ಬ್ಯಾಕ್ಟೀರಿಯಾ ಇದ್ದೇ ಇದೆ, ಈ ಸಲ ಹಳೆಯ ಮಾತ್ರೆಗೆ ಬಗ್ಗುವುದಿಲ್ಲ. ಆರೋಗ್ಯವಾಗಿದ್ದ ಅಜ್ಜಿಯನ್ನು ಗುಣಪಡಿಸಿ ಮಲಗಿಸಿದ ಕೀರ್ತಿ ಪ್ಯಾಕೇಜಿಗೆ ಸೇರಬೇಕು.

ವಯಸ್ಸಾದ ಹೆಂಗಸರ ಮೂತ್ರದಲ್ಲಿ ಯಾವ ತೊಂದರೆಯೂ ಕೊಡದೆ ಬ್ಯಾಕ್ಟೀರಿಯಾ ಇರುವುದು ಬಹಳ ಸಾಮಾನ್ಯ. ತಿಂಗಳುಗಟ್ಟಲೆ ಕ್ಯಾತಿಟರ್ ಹಾಕಿಸಿಕೊಂಡವರಲ್ಲಂತೂ ಹೆಚ್ಚುಕಡಿಮೆ ಎಲ್ಲರಿಗೂ ಇರುತ್ತದೆ. ಲಕ್ಷಣವಿಲ್ಲದಿದ್ದರೆ ಇದನ್ನು ಹುಡುಕಿಕೊಂಡು ಹೋಗಬೇಡಿ, ಸಿಕ್ಕರೂ ಮಾತ್ರೆ ಕೊಡಬೇಡಿ ಎಂದು ಅಮೆರಿಕದ ಸಾಂಕ್ರಾಮಿಕ ರೋಗ ತಜ್ಞರ ಸಂಘ 2005ರಲ್ಲಿ ಬರೆಯಿತು, 2019ರಲ್ಲಿ ಮತ್ತೆ ಬರೆಯಿತು. ಮುಖ್ಯ ವಿನಾಯಿತಿ ಎರಡು: ಬಸುರಿಯರು, ಮತ್ತು ಮೂತ್ರಮಾರ್ಗದಲ್ಲಿ ಗಾಯವಾಗುವಂಥ ಶಸ್ತ್ರಕ್ರಿಯೆಗೆ ಹೊರಟವರು. ಬಸುರಿಯಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾ ಮೂತ್ರಪಿಂಡಕ್ಕೆ ಏರಿದರೆ ತಾಯಿಗೂ ಕೂಸಿಗೂ ಅಪಾಯ. ಆದ್ದರಿಂದ ಅವಳಿಗೆ ಕಲ್ಚರ್ ಬೇಕೇ ಬೇಕು. ನಮ್ಮಲ್ಲಿ ಅಜ್ಜಿಗೆ ಪ್ಯಾಕೇಜಿನಲ್ಲಿ ಸಿಕ್ಕಿದ್ದು ಹಳ್ಳಿಯ ಎಷ್ಟೋ ಬಸುರಿಯರಿಗೆ ಒಂಬತ್ತು ತಿಂಗಳಲ್ಲಿ ಒಮ್ಮೆಯೂ ಸಿಗುವುದಿಲ್ಲ.

ರೋಗಿಯನ್ನು ಬಿಟ್ಟು ಸೀಸೆ ನೋಡುವ ಚಪಲ ಹೊಸದೇನಲ್ಲ. ನಮ್ಮ ಯೋಗರತ್ನಾಕರದಲ್ಲಿ ತೈಲಬಿಂದು ಪರೀಕ್ಷೆಯಿದೆ: ಮೂತ್ರದ ಮೇಲೆ ಒಂದು ಹನಿ ಎಳ್ಳೆಣ್ಣೆ ಬಿಟ್ಟಾಗ ಬೇಗ ಹರಡಿದರೆ ಸಾಧ್ಯ, ಹರಡದಿದ್ದರೆ ಕಷ್ಟಸಾಧ್ಯ, ಮುಳುಗಿದರೆ ಅಸಾಧ್ಯ. ಯುರೋಪಿನ ಮಧ್ಯಯುಗದ ವೈದ್ಯ ಗಾಜಿನ ಬುರುಡೆಯನ್ನು ಬೆಳಕಿಗೆ ಹಿಡಿದು, ಬಣ್ಣಗಳ ಚಕ್ರದ ಜೊತೆ ಹೋಲಿಸಿ ಭವಿಷ್ಯ ನುಡಿಯುತ್ತಿದ್ದ. ರೋಗಿ ಬರಬೇಕೆಂದಿರಲಿಲ್ಲ, ಆಳಿನ ಕೈಲಿ ಬುರುಡೆ ಕಳಿಸಿದರೆ ಸಾಕಿತ್ತು. 1637ರಲ್ಲಿ ಥಾಮಸ್ ಬ್ರಯಾನ್ ಎಂಬ ಇಂಗ್ಲೆಂಡಿನ ವೈದ್ಯ ಈ ಮೂತ್ರಜ್ಯೋತಿಷಿಗಳ ಗುಟ್ಟನ್ನು ಬಯಲಿಗೆಳೆದು 'ದ ಪಿಸ್ ಪ್ರಾಫೆಟ್' ಎಂಬ ಪುಸ್ತಕವನ್ನೇ ಬರೆದ. ಗುಟ್ಟು ಇಷ್ಟೇ: ಬುರುಡೆ ತಂದ ಆಳನ್ನು ಮಾತಿಗೆಳೆದು, ಒಡೆಯನಿಗೆ ಎಲ್ಲಿ ನೋವು, ಎಷ್ಟು ದಿನದಿಂದ ಎಂದು ಉಪಾಯವಾಗಿ ತಿಳಿದುಕೊಂಡು, ಆಮೇಲೆ ಬುರುಡೆ ನೋಡಿ ಹೇಳಿದ ಹಾಗೆ ನಟಿಸುವುದು.

ಆ ಕಳ್ಳರ ಮೇಲೆ ನನಗೆ ಈಗೀಗ ಗೌರವ ಬರುತ್ತಿದೆ. ಅವರು ಕದ್ದಾದರೂ ಪ್ರಶ್ನೆ ಕೇಳುತ್ತಿದ್ದರು.

ಇಪ್ಪತ್ತನೇ ಶತಮಾನದಲ್ಲಿ ಬುರುಡೆಯ ಜಾಗಕ್ಕೆ ಅಂಕಿ ಬಂತು. 1956ರ ಸುಮಾರಿಗೆ ಬಾಸ್ಟನ್ನಿನ ಎಡ್ವರ್ಡ್ ಕ್ಯಾಸ್ ಒಂದು ಮಿಲಿಲೀಟರ್ ಮೂತ್ರದಲ್ಲಿ 1 ಲಕ್ಷ ಬ್ಯಾಕ್ಟೀರಿಯಾ ಬೆಳೆದರೆ ಅದು ಹೊರಗಿನಿಂದ ಬೆರೆತದ್ದಲ್ಲ, ಒಳಗಿನದೇ ಎನ್ನಬಹುದು ಎಂದು ಗೆರೆ ಎಳೆದ. ಒಳ್ಳೆಯ ಗೆರೆ. ಆದರೆ 1982ರಲ್ಲಿ ವಾಲ್ಟರ್ ಸ್ಟ್ಯಾಮ್ ಮತ್ತು ಸಂಗಡಿಗರು ಉರಿಯಿಂದ ಒದ್ದಾಡುವ ಹೆಂಗಸರಲ್ಲಿ 100 ಇದ್ದರೂ ಸೋಂಕಿರಬಹುದು ಎಂದು ತೋರಿಸಿದರು. ಅಂದರೆ ಲಕ್ಷವಿದ್ದರೂ ಲಕ್ಷಣವಿಲ್ಲದ ಅಜ್ಜಿಗೆ ಮದ್ದು ಬೇಡ, ನೂರೇ ಇದ್ದರೂ ಲಕ್ಷಣವಿದ್ದ ಮೊಮ್ಮಗಳಿಗೆ ಬೇಕಾಗಬಹುದು. ನಾವು ಇದನ್ನು ಚಾಚೂ ತಪ್ಪದೆ ತಿರುಗಿಸಿದ್ದೇವೆ. ಅಜ್ಜಿಗೆ ಕೋರ್ಸು, ಮೊಮ್ಮಗಳಿಗೆ 'ಎಲ್ಲಾ ನಿನ್ನ ಮನಸ್ಸಿಂದು'.

2002ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ವಿಶ್ಲೇಷಣೆ ಇನ್ನೂ ಮುಜುಗರ ತರುವಂಥದ್ದು. ಉರಿ ಇದೆ, ಪದೇ ಪದೇ ಹೋಗುವಂತಾಗುತ್ತಿದೆ, ಬಿಳಿಸೆರಗಿನ ತೊಂದರೆ ಇಲ್ಲ ಎಂದು ಹೆಣ್ಣೊಬ್ಬಳು ಹೇಳಿದರೆ, ಅವಳಿಗೆ ಮೂತ್ರದ ಸೋಂಕು ಇರುವ ಸಂಭವ ಶೇ. 90ಕ್ಕಿಂತ ಹೆಚ್ಚು. ಪಟ್ಟಿ ಅದ್ದುವ ಮೊದಲೇ! ಆರೋಗ್ಯವಂತ ಯುವತಿಯ ಸಾದಾ ಸೋಂಕಿಗೆ ಅವಳ ಬಾಯಿಮಾತೇ ಬಹುಪಾಲು ತಪಾಸಣೆ. ಕಲ್ಚರ್ ನಿಜಕ್ಕೂ ಬೇಕಾಗುವುದು ಬಸುರಿಗೆ, ಗಂಡಸಿಗೆ, ಮಗುವಿಗೆ, ಚಳಿಜ್ವರ ಬಂದವರಿಗೆ, ಮತ್ತೆ ಮತ್ತೆ ಬರುವವರಿಗೆ, ಮದ್ದಿಗೆ ಬಗ್ಗದವರಿಗೆ. ಹೆಂಗಸಿನ ಮಾತನ್ನು ನಂಬುವ ಟೆಸ್ಟಿಗೆ ಲ್ಯಾಬಿನ ದರಪಟ್ಟಿಯಲ್ಲಿ ಜಾಗವಿಲ್ಲ. ಅದಕ್ಕೇ ಅದು ಜನಪ್ರಿಯವಾಗಲಿಲ್ಲ.

ಮೆಡಿಕಲ್ ಶಾಪಿಗೆ ಮರಳೋಣ, ಎಲ್ಲರೂ ಮರಳುವುದು ಅಲ್ಲಿಗೇ. 2014ರ ಮಾರ್ಚ್‌ನಿಂದ ಎಚ್-1 ಎಂಬ ಕಾನೂನಿನ ಪಟ್ಟಿ ಜಾರಿಯಲ್ಲಿದೆ. ಅದರಲ್ಲಿರುವ ಆ್ಯಂಟಿಬಯೋಟಿಕ್ ಮಾರಿದರೆ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಮದ್ದಿನ ಲೆಕ್ಕ ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಉರಿಮೂತ್ರಕ್ಕೆ ಕಣ್ಣುಮುಚ್ಚಿ ಕೊಡುವ ಸೆಫಿಕ್ಸಿಮ್ ಆ ಪಟ್ಟಿಯಲ್ಲೇ ಇದೆ. 2016ರಲ್ಲಿ ಕೇಂದ್ರ ಸರ್ಕಾರ ಕೆಂಪು ಗೆರೆಯ ಅಭಿಯಾನ ಮಾಡಿತು: ಮಾತ್ರೆಯ ಹಾಳೆಯ ಮೇಲೆ ಕೆಂಪು ಗೆರೆ ಕಂಡರೆ ಡಾಕ್ಟರ ಚೀಟಿ ಇಲ್ಲದೆ ನುಂಗಬೇಡಿ ಎಂದು. ಗೆರೆಯಿಂದ ಅಂಗಡಿಯ ಹುಡುಗನಿಗೆ ಅನುಕೂಲವಾಗಿದೆ, ಎರಡು ಮಾತ್ರೆ ಕತ್ತರಿಸಿ ಕೊಡುವಾಗ ಕತ್ತರಿ ನೇರ ಓಡುತ್ತದೆ. ಫಲ ಏನೆಂದರೆ, ದೊಡ್ಡ ಆಸ್ಪತ್ರೆಗಳಿಂದ ಐಸಿಎಂಆರ್ ಪ್ರತಿವರ್ಷ ಸಂಗ್ರಹಿಸುವ ವರದಿಗಳಲ್ಲಿ ಇ. ಕೋಲೈಯ ಬಹುಪಾಲು ತಳಿಗಳು ಸಿಪ್ರೊಫ್ಲಾಕ್ಸಾಸಿನ್ ಗುಂಪಿಗೂ ಸೆಫಿಕ್ಸಿಮ್‌ನ ಬಳಗಕ್ಕೂ ಬಗ್ಗುತ್ತಿಲ್ಲ. ಇವತ್ತಿಗೂ ಚೆನ್ನಾಗಿ ಕೆಲಸ ಮಾಡುವುದು ನೈಟ್ರೋಫ್ಯುರಾಂಟಾಯಿನ್ ಎಂಬ ಹಳೆಯ, ಅಗ್ಗದ ಮದ್ದು. ಹಳೆಯದು, ಅಗ್ಗದ್ದು ಎಂದಮೇಲೆ ಅದಕ್ಕೆ ಮರ್ಯಾದೆ ಎಲ್ಲಿಂದ ಬರಬೇಕು?

ಈ ತಲೆನೋವಿಗಾಗಿ ಬ್ರಿಟನ್ನಿನವರು 2014ರಲ್ಲಿ ಲಾಂಜಿಟ್ಯೂಡ್ ಪ್ರೈಜ್ ಎಂಬ ಸ್ಪರ್ಧೆ ಇಟ್ಟರು. ಸೋಂಕು ಇದೆಯೇ, ಇದ್ದರೆ ಯಾವ ಮದ್ದು ನಾಟುತ್ತದೆ ಎಂದು ಬೇಗ ಹೇಳುವ ಉಪಕರಣ ಮಾಡಿದವರಿಗೆ 80 ಲಕ್ಷ ಪೌಂಡ್. 2024ರ ಜೂನ್‌ನಲ್ಲಿ ಅದನ್ನು ಗೆದ್ದದ್ದು ಸ್ವೀಡನ್ನಿನ ಸಿಸ್ಮೆಕ್ಸ್ ಆಸ್ಟ್ರೆಗೊ. ಅವರ ಯಂತ್ರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು 15 ನಿಮಿಷದಲ್ಲಿ, ಯಾವ ಮದ್ದಿಗೆ ಬಗ್ಗುತ್ತದೆ ಎಂದು 45 ನಿಮಿಷದಲ್ಲಿ ಹೇಳುತ್ತದೆ. ಎರಡು ಮೂರು ದಿನ ಕಾಯುತ್ತಿದ್ದ ಕೆಲಸ 45 ನಿಮಿಷಕ್ಕೆ! ಪಾಪ, ತೀರ್ಪುಗಾರರು ನಮ್ಮ ಸರ್ಕಲ್ಲಿನ ಮೆಡಿಕಲ್ ಶಾಪು ನೋಡಿಲ್ಲ. ಅಲ್ಲಿ 45 ಸೆಕೆಂಡು ಸಾಕು, ಚಿಲ್ಲರೆಯೂ ವಾಪಸು.

ಅಜ್ಜಿಯರ ಬಾರ್ಲಿ ನೀರನ್ನು ನಾನು ಆರಂಭದಲ್ಲಿ ಸ್ವಲ್ಪ ಹಗುರವಾಗಿ ಆಡಿದೆ ಅನ್ನಿಸಬಹುದು. ಅದರಲ್ಲಿ ಬಾರ್ಲಿಗಿಂತ ನೀರಿನದೇ ಮಹಿಮೆ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಪದೇ ಪದೇ ಸೋಂಕು ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿಯಲು ಹೇಳಿದರು. ವರ್ಷದಲ್ಲಿ ಅವರಿಗೆ ಬಂದ ಸೋಂಕು ಉಳಿದವರಿಗೆ ಬಂದದ್ದರ ಸರಿಸುಮಾರು ಅರ್ಧ. ಹಾಗಾದರೆ ನಮ್ಮ ಹೆಣ್ಣುಮಕ್ಕಳು ನೀರು ಕುಡಿಯಲಿ ಬಿಡಿ. ಕುಡಿದು ಹೋಗುವುದೆಲ್ಲಿಗೆ? ಶಾಲೆಯ ಶೌಚಾಲಯಕ್ಕೆ ಬೀಗ, ಅದರ ಕೀಲಿ ಹೆಡ್‌ಮಾಸ್ತರರ ಡ್ರಾಯರಿನಲ್ಲಿ. ಬಸ್‌ಸ್ಟ್ಯಾಂಡಿನಲ್ಲಿ ಗಂಡಸಿಗೆ ಪುಕ್ಕಟೆ, ಹೆಂಗಸಿಗೆ ದುಡ್ಡು. ದುಡ್ಡು ಕೊಟ್ಟರೂ ಬಾಗಿಲು ಅರ್ಧ. ಗಾರ್ಮೆಂಟ್ಸಿನಲ್ಲಿ ಎರಡನೇ ಸಲ ಎದ್ದರೆ ಸೂಪರ್‌ವೈಸರನ ಕಣ್ಣು. ಗಂಡಸಿಗೆ ಇಡೀ ಕರ್ನಾಟಕವೇ ಗೋಡೆ. 'ಇಲ್ಲಿ ಮೂತ್ರ ಮಾಡಬಾರದು' ಎಂದು ಬರೆಸಿ, ಬರಹಕ್ಕೆ ಹೆದರದವನಿಗಾಗಿ ದೇವರ ಟೈಲ್ಸ್ ಅಂಟಿಸಬೇಕಾಗಿ ಬಂದಿದೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟವಳು ಸಂಜೆ ಏಳರವರೆಗೆ ಬಾಯಿಗೆ ನೀರು ಮುಟ್ಟಿಸದೆ ತಡೆದುಕೊಂಡು, ವರ್ಷಕ್ಕೆ ಮೂರು ಸಲ ಲ್ಯಾಬಿಗೆ ಹೋಗುತ್ತಾಳೆ. ಅಲ್ಲಿ ಅವಳಿಗೆ ಸಿಗುವುದು ಚಿಲಕವಿಲ್ಲದ ಇನ್ನೊಂದು ಶೌಚಾಲಯ.

ಲ್ಯಾಬಿನ ಮಾಲೀಕರಲ್ಲಿ ಒಂದು ಬೇಡಿಕೆ. ಆ ಬಾಗಿಲಿಗೆ ಒಂದು ಚಿಲಕ, ಗೋಡೆಗೆ ಒಂದು ಮೊಳೆ ಹೊಡೆಸಿ. ಡಬ್ಬಿ ಹಿಡಿಯುವ ಕ್ರಮವನ್ನು ಕನ್ನಡದಲ್ಲಿ ಚಿತ್ರಸಹಿತ ಬರೆದು ಒಳಗೆ ಅಂಟಿಸಿ, ಆಗ ಕೌಂಟರಿನ ಹುಡುಗನೂ ತಲೆ ಎತ್ತಬಹುದು. ಡಾಕ್ಟರಲ್ಲಿ ಕೇಳುವುದು ಆ ಎರಡು ನಿಮಿಷ.

ಓದುಗರೇ, ನೀವು ಡಾಕ್ಟರ ಎದುರು ಕೂತಾಗ ಲಕ್ಷಣ ಮೊದಲು ಹೇಳಿ, ರಿಪೋರ್ಟು ಆಮೇಲೆ ಕೊಡಿ. ಕಲ್ಚರ್ ಬರೆದಿದ್ದರೆ ಮೊದಲ ಮಾತ್ರೆಗೆ ಮುಂಚೆ ಸ್ಯಾಂಪಲ್ ಕೊಡಿ. ಆಗಲೇ ಮಾತ್ರೆ ನುಂಗಿದ್ದರೆ ಅದನ್ನು ಮುಚ್ಚಿಡಬೇಡಿ. ಚಳಿಜ್ವರ, ಪಕ್ಕೆಯಲ್ಲಿ ನೋವು, ವಾಂತಿ ಇದ್ದರೆ ಅಥವಾ ನೀವು ಬಸುರಿಯಾಗಿದ್ದು ಉರಿ ಶುರುವಾಗಿದ್ದರೆ, ಎಳನೀರನ್ನೂ ಈ ಅಂಕಣವನ್ನೂ ಪಕ್ಕಕ್ಕಿಟ್ಟು ಇವತ್ತೇ ಆಸ್ಪತ್ರೆಗೆ ಹೋಗಿ.